ಗೋಡಿನ ಕೆಳಗೆ ಉಳಿದದ್ದು

೧೯೯೬ರ ಬೇಸಿಗೆ. ಆಗ ನನ್ನ ಹತ್ತಿರ ಹಳೆಯದೊಂದು ಟ್ರಾಕ್ಟರು ಇತ್ತು. ಪಾಂಡವಪುರದ ಹತ್ತಿರ ನಮ್ಮೂರಿನ ಅಂಚಿನಲ್ಲಿ, ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ಸಣ್ಣ ಕಾರ್ಖಾನೆಯೊಂದು ಮುಚ್ಚಿಹೋಗಿತ್ತು. ಜಾಗ ಕೊಂಡವರು ಅಲ್ಲಿ ‘ಹಸಿರು ವನ’ ಮಾಡುತ್ತೇವೆಂದು ಬೋರ್ಡು ನೆಟ್ಟರು. ಬತ್ತಿದ ಕೆರೆಯಿಂದ ಗೋಡು ತಂದು ಹರಡುವ ಕೆಲಸ ನನಗೆ ಸಿಕ್ಕಿತು.

ಕೆರೆಯ ಹೂಳಿಗೆ ನಮ್ಮ ಕಡೆ ಗೋಡು ಎನ್ನುತ್ತೇವೆ. ಬೇಸಿಗೆಯಲ್ಲಿ ಗೋಡು ಹೊಡೆದರೆ ಎಂಥ ಸತ್ತ ಗದ್ದೆಯೂ ಏಳುತ್ತದೆ ಎಂದು ತಾತಂದಿರ ಕಾಲದಿಂದ ನಂಬಿದವರು ನಾವು. ಆ ಕಾರ್ಖಾನೆಯಲ್ಲೇ ಕುಲುಮೆ ಕೆಲಸ ಮಾಡಿದ್ದ ಸಿದ್ದಪ್ಪ ಮಾತ್ರ ಟ್ರಾಕ್ಟರಿಗೆ ಅಡ್ಡ ನಿಂತ.

“ಲೇ, ಮ್ಯಾಲೆ ಗೋಡು ಒಡ್ದುಬುಟ್ರೆ ಕೆಳಗಿರೋ ಇಸ ಎಲ್ಲಿಗ್ಲಾ ಓಯ್ತದೆ?”

“ಗೋಡು ಎಲ್ಲಾನೂ ನುಂಗ್ಕತದೆ ಕಣಣ್ಣ, ಸುಮ್ಕಿರು” ಎಂದು ನಕ್ಕೆ. ಕೆಲಸ ಹೋದ ಹೊಟ್ಟೆಯುರಿ ಇವನಿಗೆ ಎಂದುಕೊಂಡೆ.

ಮಳೆ ಬಿದ್ದ ಮೇಲೆ ಸಸಿ ನೆಡಲು ಗುಂಡಿ ತೋಡಿದರು. ನಾನು ಹೊಡೆದ ಗೋಡು ಗೇಣು ದಪ್ಪ, ಗುಂಡಿ ಎರಡು ಮೊಳ ಆಳ. ಕೆಳಗಿನ ಬೂದಿಬಣ್ಣದ ಮಣ್ಣೆಲ್ಲ ಮೇಲೆ ಬಂದು ಗುಡ್ಡೆಯಾಯಿತು. ಅದರ ಮೇಲೆ ಒಳ್ಳೆ ಹುಲ್ಲೂ ಬಂತು.

ಪಕ್ಕದ ಮನೆಯ ನಿಂಗಮ್ಮ ಒಂದೇ ಹಸುವಿನ ಹಾಲಿನಲ್ಲಿ ಸಂಸಾರ ತೂಗಿಸುತ್ತಿದ್ದವಳು. “ಅಲ್ಲಿ ಉಲ್ಲು ಕುಯ್ಬೋದೇನಪ್ಪ?” ಎಂದು ನನ್ನನ್ನೇ ಕೇಳಿದಳು.

“ನಾನೇ ಒಡ್ದಿರೋ ಗೋಡು ಕಣವ್ವ. ಮೇಯಕ್ಕೇ ಬುಡು” ಎಂದೆ.

ಕೆಲವೇ ದಿನ. ಹಸು ಹಲ್ಲು ಕಡಿಯತೊಡಗಿತು. ಕಣ್ಣು ಕಾಣದೆ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿತ್ತು. ಕರು ಬಂದರೂ ಗುರುತಿಲ್ಲ. ದನದ ಡಾಕ್ಟರು “ಎಲ್ಲಿ ಮೇಯಿಸಿದ್ರಿ?” ಎಂದಾಗ ನಿಂಗಮ್ಮ ನನ್ನ ಕಡೆ ನೋಡಿದಳು. ನಾನು ಬಗ್ಗಿ ಹಸುವಿನ ಹಗ್ಗ ಸರಿಮಾಡತೊಡಗಿದೆ. ನೋಡಲು ಬಂದಿದ್ದ ಸಿದ್ದಪ್ಪನೇ ಕಾರ್ಖಾನೆ ಜಾಗದ ವಿಷಯ ಹೇಳಿದ. ಸೀಸದ ವಿಷ, ತಡವಾಯಿತು ಎಂದರು ಡಾಕ್ಟರು. ಹಸು ಅಂದೇ ಸತ್ತಿತು. ಗೋಡು ಹೊಡೆದ ಟ್ರೈಲರಿನಲ್ಲೇ ಅದನ್ನು ಹೂಳಲು ಒಯ್ದೆ.

ನಿಂಗಮ್ಮ ಬೈದಿದ್ದರೆ ಚೆನ್ನಾಗಿತ್ತು. “ನೀನು ಏಳ್ದೆ ಅಂತ ನಂಬ್ದೆ ಕಣಪ್ಪ” ಎಂದಳು, ಅಷ್ಟೇ.

ಮರುವಾರ ಆ ಗುಡ್ಡೆಗಳನ್ನು ಮುಚ್ಚಲು ಇನ್ನಷ್ಟು ಗೋಡು ಬೇಕೆಂದು ಜಾಗದವರು ನನಗೆ ಹೇಳಿಕಳಿಸಿದರು. ನಾನು ಹೋಗಲಿಲ್ಲ. ಬೇರೆಯವರ ಟ್ರಾಕ್ಟರು ಬಂತು.

ಈಗ ಅಲ್ಲಿ ನೆರಳಿದೆ, ಕಲ್ಲುಬೆಂಚಿದೆ, ಮಕ್ಕಳು ಆಡುತ್ತವೆ. ಸಿದ್ದಪ್ಪ ಇಲ್ಲ. ಆ ದಾರಿಯಲ್ಲಿ ಹೋದಾಗಲೆಲ್ಲ ನಾನೇ ನಿಂತು, “ಮಣ್ಣಲ್ಲಿ ಆಡ್ಬ್ಯಾಡ್ರಲಾ” ಎಂದು ಕೂಗುತ್ತೇನೆ. ಬೆಂಚಿನ ಮೇಲೆ ಕೂತವರು ನನ್ನನ್ನು ನೋಡಿ ನಗುತ್ತಾರೆ, ಅಂದು ನಾನು ಸಿದ್ದಪ್ಪನನ್ನು ನೋಡಿ ನಕ್ಕ ಹಾಗೆಯೇ.