ಬೈಸಿಕೊಳ್ಳುವ ಕಾನೂನು

ಇಂಗ್ಲೆಂಡಿನ ನಾರ್ಫೋಕಿನ ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಅಲ್ಲೇ ಊಟ, ಅಲ್ಲೇ ನಿದ್ದೆ. ಅವರು ಆಡಿದ್ದೇ ಆಟ. ಪಾಠ ಬೇಕಾದವರಿಗೆ ಮಾತ್ರ. ಯಾರೂ ಯಾರನ್ನೂ ಗದರುವ ಹಾಗಿರಲಿಲ್ಲ. ಕಾನೂನುಗಳನ್ನೆಲ್ಲ ಶನಿವಾರದ ಸಭೆಯಲ್ಲಿ ಮಕ್ಕಳೇ ಮಾಡುತ್ತಿದ್ದರು. ಹೆಡ್‌ಮಾಸ್ಟರ್ ಹ್ಯೂಗೋನಿಗೂ ಒಂದೇ ಓಟು, ಅಡುಗೆಯ ಎಡ್ನಾಗೂ, ಅಂದರೆ ನನಗೂ, ಒಂದೇ.

ಲಂಡನ್ನಿನ ಮೇಲೆ ಬಾಂಬು ಬಿದ್ದಾಗ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು ಬಂದವಳು ಹೆಟ್ಟಿ. ಒಂಬತ್ತು ವರ್ಷದವಳು ಒಂದು ಶನಿವಾರ ಬೆಂಚು ಹತ್ತಿ ನಿಂತಳು.

"ಎಲ್ಲರಿಗೂ ಮನೆಯಿಂದ ಕಾಗದದಲ್ಲಿ ಬೈಗುಳ ಬರುತ್ತೆ. ಸಾಕ್ಸ್ ಹಾಕ್ಕೋ, ಕತ್ತು ತೊಳ್ಕೋ ಅಂತ. ನಂಗೆ ಯಾರೂ ಬೈಯಲ್ಲ. ಎಡ್ನಾಗೆ ಸಿಟ್ಟು ಜಾಸ್ತಿ, ದಿನಕ್ಕೊಂದ್ಸಲ ಅವಳು ಬೈಬೇಕು!"

"ಇದು ನಮ್ಮ ತತ್ವಕ್ಕೇ ವಿರುದ್ಧ ಕಣಮ್ಮ" ಅಂದ ಹ್ಯೂಗೋ. ನಲವತ್ತು ಕೈ ಮೇಲೆದ್ದವು, ಅವನದೊಂದೇ ಕೆಳಗೆ. ನನ್ನ ಕೈ? ಹಾಳಾದ್ದು, ಅದೂ ಮೇಲಿತ್ತು.

ಮಾರನೇ ದಿನ ಹೆಟ್ಟಿ ಗಂಜಿ ಕುಡಿದು ಬಂದು ಎದುರು ನಿಂತಳು. "ಎಡ್ನಾ, ಶುರು ಮಾಡು."

"ಕಿವಿ ಹಿಂದೆ ಆಲೂಗಡ್ಡೆ ಬಿತ್ತಬಹುದಲ್ಲೇ, ಕತ್ತೆ!" ಅಂದೆ. ಹುಡುಗಿ ಕುಣಿದುಬಿಟ್ಟಳು. ವಾರದೊಳಗೆ ಅಡುಗೆಮನೆ ಬಾಗಿಲಲ್ಲಿ ಮಕ್ಕಳ ಸಾಲೇ ಸಾಲು. ಸೌಟು ಹಿಡಿದು ಅಟ್ಟಿದೆ: "ಅಮ್ಮ ಇರೋರು ನಿಮ್ಮಮ್ಮನ ಹತ್ರ ಬೈಸ್ಕೊಳ್ರೋ!"

ಆ ಶಾಲೆ ಮುಚ್ಚಿ ಎಷ್ಟೋ ವರ್ಷವಾಯಿತು. ಕಾನೂನು ರದ್ದು ಮಾಡೋಕೆ ಸಭೆಯೇ ಇಲ್ಲವಲ್ಲ ಅಂತಾಳೆ ಹೆಟ್ಟಿ. ಈಗ ಅವಳು ಐವತ್ತೇಳರ ಡಾಕ್ಟರು. ಪ್ರತಿ ಭಾನುವಾರ ನನ್ನ ಮನೆಗೆ ಬರುತ್ತಾಳೆ, ಹಿಮ ಬೀಳುತ್ತಿದ್ದರೂ ಬರಿಗಾಲಿಗೆ ಬೂಟು.

"ಸಾಕ್ಸ್ ಎಲ್ಲೇ, ಬುದ್ಧಿಗೇಡಿ?" ಅಂತ ಕಿರುಚುತ್ತೇನೆ.

ಸಾಕ್ಸ್ ಅವಳ ಕೈಚೀಲದಲ್ಲಿರುತ್ತೆ. ಬಾಗಿಲ ಹೊರಗೆ ನಿಂತು ಬಿಚ್ಚುವುದನ್ನು ಕಿಟಕಿಯಿಂದ ನೋಡಿದ್ದೇನೆ.