ಸೌದೆ ಕೊಟ್ಟಿಗೆಯ ಮೂವರು

ಸಿಡ್ನಿಯಿಂದ ಬಹು ದೂರದ ನಮ್ಮ ಹಳ್ಳಿ ಗಿಲ್ಲವರ್ರದಲ್ಲಿ ಈಗ ಯಾರಾದರೂ ಹೆಸ್ಟರ್ ಟ್ರೆಂಬತ್ ಹೆಸರೆತ್ತಿದರೆ, "ಪಾಪ, ದೇವತೆಯಂಥ ಹೆಂಗಸು" ಎಂದು ನಿಟ್ಟುಸಿರು ಬಿಡುತ್ತಾರೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ದೇವತೆಗಳಿಗೆ ಕಾಲು ಬಾವು ಬರುವುದಿಲ್ಲ, ಇವಳಿಗೆ ಬರುತ್ತಿತ್ತು. ಸಂಜೆ ಕೆಲಸ ಮುಗಿಸಿ ನನ್ನ ಬಟ್ಟೆ ಒಗೆಯುವ ಮನೆಗೆ ಬಂದು, ತಾಮ್ರದ ಹಂಡೆಯಲ್ಲಿ ಉಳಿದ ಬಿಸಿನೀರನ್ನು ಬಕೆಟ್ಟಿಗೆ ಸುರಿದುಕೊಂಡು, ಅದರಲ್ಲಿ ಕಾಲಿಟ್ಟು ಕೂತು ಊರಿನ ಒಬ್ಬೊಬ್ಬರನ್ನೇ ಬೈಯುತ್ತಿದ್ದಳು. ಬಹಳ ಚೆನ್ನಾಗಿ ಬೈಯುತ್ತಿದ್ದಳು. ನಾನು ಬ್ರಿಜಿಡ್ ಕ್ವಿಲ್ಟಿ, ಇಪ್ಪತ್ತಾರು ವರ್ಷ ಇಲ್ಲಿನ ಆಸ್ಪತ್ರೆಯ ಬಟ್ಟೆ ಒಗೆದವಳು. ನನ್ನ ಗಂಡ ಕಾನ್ ಅಲ್ಲೇ ಗಂಡಸರ ವಾರ್ಡಿನ ಆಳು, ತೋಟದವನು, ಸತ್ತವರಿಗೆ ಪೆಟ್ಟಿಗೆ ಹೊಡೆಯುವವನೂ ಅವನೇ.

ಅವಳು ದಾದಿ ಕೆಲಸ ಕಲಿಯಲು ಬಂದದ್ದು ಸಾವಿರದ ಒಂಬೈನೂರ ಒಂಬತ್ತರ ಜನವರಿಯಲ್ಲಿ, ನಮ್ಮ ಕಡೆ ಅದು ನಡು ಬೇಸಿಗೆ. ಕಾಗೆಗಳೂ ಬಾಯಿ ತೆರೆದುಕೊಂಡು ಕೂರುವಂಥ ಬಿಸಿಲು. ಕುದುರೆ ಕೋಚಿನಿಂದ ಒಂದು ತಗಡಿನ ಟ್ರಂಕು ಇಳಿಸಿಕೊಂಡು, ಮುಖದ ಧೂಳನ್ನು ಕೂಡ ಒರೆಸದೆ ನೆಟ್ಟಗೆ ಹಿತ್ತಿಲಿಗೆ ನಡೆದು ಬಂದಳು. ಇಪ್ಪತ್ತೈದು ವಯಸ್ಸು. ಅಪ್ಪ ತಾಮ್ರದ ಗಣಿಯಲ್ಲಿ ಸತ್ತಿದ್ದ, ಅಮ್ಮ ಅದಕ್ಕೂ ಮೊದಲೇ. ಅವಳ ಏಪ್ರನ್ನುಗಳಿಗೆ ಗುರುತು ಹಾಕುವುದು ನನ್ನ ಕೆಲಸವಾದ್ದರಿಂದ ಮೊದಲ ಮಾತು ನನ್ನೊಂದಿಗೇ ಆಯಿತು.

"ಎಷ್ಟು ದಿನ ಇರ್ತೀಯಮ್ಮ?" ಎಂದು ಕೇಳಿದೆ.

"ಐದು ವರ್ಷ."

"ಅಯ್ಯೋ ನಿನ್ನ! ಕುದುರೆ ಕದ್ದೋನಿಗೂ ಮೂರೇ ವರ್ಷ ಹಾಕೋದು."

"ಹೌದಾ? ಆಚೆ ಬಂದ್ಮೇಲೆ ಅವನನ್ನ ಸಿಸ್ಟರ್ ಅಂತ ಕರೀತಾರಾ, ಮಿಸೆಸ್ ಕ್ವಿಲ್ಟಿ?"

ಅವತ್ತೇ ನನಗೆ ಅವಳು ಹಿಡಿಸಿದಳು. ವರ್ಷ ತುಂಬುವುದರೊಳಗೆ ನಾನು ಅವಳಿಗೆ ಬರೀ ಬ್ರಿಡೀ ಆಗಿದ್ದೆ.

ಅವಳಿಗೆ ಬೇಕಾಗಿದ್ದದ್ದು ಆ ಒಂದು ಪದ. ತರಬೇತಿ ಮುಗಿಸಿ, ಪರೀಕ್ಷೆ ಪಾಸಾಗಿ, ಸಿಡ್ನಿಯ ದಾದಿಯರ ಸಂಘದ ಪಟ್ಟಿಯಲ್ಲಿ ಹೆಸರು ಬಂದವಳು ಸಿಸ್ಟರ್. ಅಲ್ಲಿಯವರೆಗೆ ಬರೀ ನರ್ಸ್. ಸಿಸ್ಟರ್ ಆದರೆ ಯಾವ ಊರಿಗಾದರೂ ಹೋಗಬಹುದು, ಮುಂದೆ ಮೇಟ್ರನ್ ಆಗಿ ಒಂದು ಆಸ್ಪತ್ರೆಯನ್ನೇ ನಡೆಸಬಹುದು. ನರ್ಸ್ ಆಗಿಯೇ ಉಳಿದರೆ ಇದ್ದಲ್ಲೇ ಇರಬೇಕು, ಸಾಯುವ ತನಕ ಇನ್ನೊಬ್ಬರ ಕೈಕೆಳಗೆ. ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಮೂರು ವರ್ಷಕ್ಕೆ ಮುಗಿಯುವ ತರಬೇತಿ ನಮ್ಮಂಥ ಹಳ್ಳಿ ಆಸ್ಪತ್ರೆಯಲ್ಲಿ ಐದು ವರ್ಷ. ಅದರ ಮೇಲೆ ಇನ್ನೊಂದು ನಿಯಮ: ಐದು ವರ್ಷದಲ್ಲಿ ಪ್ರತಿ ವರ್ಷವೂ, ದಿನದ ಸರಾಸರಿ ತೆಗೆದರೆ ಹತ್ತು ಹಾಸಿಗೆಯಾದರೂ ತುಂಬಿರಬೇಕು. ಹತ್ತಕ್ಕಿಂತ ಕಡಿಮೆಯಾದರೆ ಆ ವರ್ಷ ಲೆಕ್ಕಕ್ಕಿಲ್ಲ, ಅದರ ಬದಲು ಇನ್ನೊಂದು ವರ್ಷ ದುಡಿಯಬೇಕು. ನಮ್ಮಲ್ಲಿದ್ದದ್ದು ಹದಿನಾಲ್ಕು ಹಾಸಿಗೆ. ಊರಲ್ಲಿ ಜನ ತಕ್ಕಮಟ್ಟಿಗೆ ಕಾಯಿಲೆ ಬೀಳುತ್ತಿದ್ದರು, ಸರಾಸರಿ ಹನ್ನೊಂದರ ಆಸುಪಾಸಿನಲ್ಲಿ ಇರುತ್ತಿತ್ತು.

ನಾಲ್ಕು ವರ್ಷ ಅವಳು ದುಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಿಷಮಶೀತ ಜ್ವರದ ಬೇಸಿಗೆಯಲ್ಲಿ ಮೂರು ದಿನ ಬೂಟು ಬಿಚ್ಚಿರಲಿಲ್ಲ, ಕೊನೆಗೆ ಕತ್ತರಿಯಿಂದ ಲೇಸು ಕತ್ತರಿಸಿ ತೆಗೆದವಳು ನಾನು. ವಾರ್ಡಿನ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು, ಉಸಿರಾಟ ಕೇಳಿಯೇ ಒಳಗೆ ಎಷ್ಟು ಜನ ಇದ್ದಾರೆ, ಯಾರಿಗೆ ಹೇಗಿದೆ ಎಂದು ಹೇಳುತ್ತಿದ್ದಳು. ಕಾನ್ ಇದನ್ನು ನಂಬದೆ ಪಂದ್ಯ ಕಟ್ಟಿ ತಂಬಾಕು ಕಳೆದುಕೊಂಡ.

ಇನ್ನು ನನ್ನ ಪಾಲಿನ ವಿಷಯ. ಇದನ್ನು ಮುಚ್ಚಿಟ್ಟರೆ ಬರೆಯುವುದೇ ದಂಡ.

ಹದಿಮೂರನೇ ಇಸವಿ, ಅವಳ ಐದನೆಯ ವರ್ಷ. ಸಿಡ್ನಿಯಿಂದ ಸರ್ಕಾರದ ಇನ್‌ಸ್ಪೆಕ್ಟರು ನವೆಂಬರಿನಲ್ಲಿ ಬರುತ್ತಾನೆಂದು ಸುದ್ದಿ ಬಂತು. ಆಸ್ಪತ್ರೆ ನಡೆಸುವ ಸಮಿತಿಯಲ್ಲಿ ಇದ್ದವರೆಲ್ಲ ಕುರಿ ಮತ್ತು ಗೋಧಿಯ ಜನ, ಕಾಯಿಲೆಯ ಗಂಧಗಾಳಿ ಇಲ್ಲದವರು. ಕಾರ್ಯದರ್ಶಿ ಆಸ್ಕರ್ ಪಾಮ್‌ಫ್ರೆಟ್, ಕುರಿ ಹರಾಜು ಕೂಗುವವನು. ಒಂದು ಬೆಳಿಗ್ಗೆ ಅವನು ಹಾಸಿಗೆಯ ಮೇಲುಹಾಸೊಂದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದ.

"ಮಿಸೆಸ್ ಕ್ವಿಲ್ಟಿ, ಇದನ್ನ ಬಿಳೀ ಅಂತಾರಾ?"

ನನಗೆ ಸಿಟ್ಟು ನೆತ್ತಿಗೇರಿತು. "ಬಿಳೀ ಬೇಕಾ? ಮೊದ್ಲು ಅದರ ಮೇಲೆ ಮಲಗಿರೋ ನಿಮ್ಮ ರೋಗಿಗಳನ್ನ ಎಬ್ಬಿಸಿ ಆಚೆ ಹಾಕಿ. ಮೂರು ವಾರ ಖಾಲಿ ವಾರ್ಡು ಕೊಡಿ ನಂಗೆ. ನೀಲಿ ಹಾಕಿ, ಗಂಜಿ ಹಾಕಿ, ಕಣ್ಣು ಕುಕ್ಕೋ ಹಾಗೆ ಮಾಡಿಕೊಡ್ತೀನಿ!"

ನಾನು ಕೊಂಕಿಗೆ ಅಂದದ್ದು. ಅವನು ಅದನ್ನೇ ಸಮಿತಿಯ ಮುಂದಿಟ್ಟ. ಎಲ್ಲರೂ ಕೈ ಎತ್ತಿದರು. ಕುರಿ ಪ್ರದರ್ಶನಕ್ಕೆ ಮುಂಚೆ ಕೊಟ್ಟಿಗೆ ಖಾಲಿ ಮಾಡಿ ಸುಣ್ಣ ಬಳಿಯುವುದು ಇವರಿಗೆ ಅಭ್ಯಾಸ. ಆಸ್ಪತ್ರೆಯೂ ಹಾಗೇ ಅಂದುಕೊಂಡರು. ಮೂರು ವಾರ ಯಾರನ್ನೂ ಸೇರಿಸಿಕೊಳ್ಳಬಾರದು, ಒಳಗಿರುವವರು ಮನೆಗೆ ಹೋಗಬೇಕು, ಗೋಡೆಗೆ ಬಣ್ಣ, ನೆಲಕ್ಕೆ ಜೇನುಮೇಣ. ಮೇಟ್ರನ್ ಇಂಗ್ರಮ್ ಗೊಣಗಿದಳು, ಆದರೆ ಗೊಣಗುವುದರಾಚೆ ಹೋಗಲಿಲ್ಲ.

ಮನೆಯಿದ್ದವರು ಹೋದರು. ಮನೆಯಿಲ್ಲದ ಮೂವರು ಉಳಿದರು: ಪುಪ್ಪುಸ ಕೆಟ್ಟಿದ್ದ ಮುದುಕ ಸಿಲ್ವೆಸ್ಟರ್ ಡನ್, ತೊಡೆ ಮುರಿದುಕೊಂಡಿದ್ದ ಕುರಿ ತುಪ್ಪಟ ಕತ್ತರಿಸುವವನೊಬ್ಬ, ವಿಷಮಶೀತದಿಂದ ಆಗಷ್ಟೇ ಏಳುತ್ತಿದ್ದ ಬೇಲಿ ಕಾಯುವವನೊಬ್ಬ. "ಏನಾದ್ರೂ ಮಾಡಿ, ಕಣ್ಣಿಗೆ ಬೀಳಬಾರದು ಅಷ್ಟೇ," ಎಂದ ಪಾಮ್‌ಫ್ರೆಟ್. ಹೆಸ್ಟರ್ ಮತ್ತು ಕಾನ್ ಸೇರಿ ಅವರನ್ನು ಹಿತ್ತಿಲ ಸೌದೆ ಕೊಟ್ಟಿಗೆಗೆ ಹೊತ್ತರು. ಒದ್ದೆ ಬಟ್ಟೆ ತೂಗುಹಾಕಿ ತಂಪು ಮಾಡಿದಳು. ದಿನಕ್ಕೆ ಮೂರು ಸಲ ಜ್ವರ ನೋಡಿದಳು, ತೊಳೆದಳು, ಉಣಿಸಿದಳು. ರೋಗಿಗಳ ಲೆಕ್ಕ ಬರೆಯುವ ಆಸ್ಪತ್ರೆಯ ಪುಸ್ತಕವನ್ನು ಪಾಮ್‌ಫ್ರೆಟ್ ಬೀಗ ಹಾಕಿ ಇಟ್ಟಿದ್ದರಿಂದ, ಎಲ್ಲವನ್ನೂ ದಿನಸಿ ಕಟ್ಟಿಬಂದ ಕಂದು ಕಾಗದದ ಮೇಲೆ ಬರೆದಿಟ್ಟಳು. ಇಪ್ಪತ್ತೊಂದು ದಿನ, ಮೂವರು.

ನಾನು ಅಷ್ಟೂ ದಿನ ಖಾಲಿ ವಾರ್ಡಿನಲ್ಲಿ ಹಾಡಿಕೊಂಡು ಕೆಲಸ ಮಾಡಿದೆ. ಜೀವಮಾನದಲ್ಲೇ ಅಷ್ಟು ಬಿಳಿ ಬಟ್ಟೆ ಒಗೆದಿರಲಿಲ್ಲ. ಆ ಸಂತೋಷವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಇನ್‌ಸ್ಪೆಕ್ಟರು ಬಂದ. ಹದಿನಾಲ್ಕು ಖಾಲಿ ಹಾಸಿಗೆ ನೋಡಿ, "ರೋಗಿಗಳೆಲ್ಲಿ?" ಎಂದ.

"ನಮ್ಮೂರಿನ ಗಾಳಿ ಅಂಥಾದ್ದು ಸಾರ್!" ಎಂದ ಪಾಮ್‌ಫ್ರೆಟ್. ಎಲ್ಲರೂ ನಕ್ಕರು. ಕೊಟ್ಟಿಗೆಯಲ್ಲಿ ಸಿಲ್ವೆಸ್ಟರ್ ಕೆಮ್ಮು ಬಂದು ದಿಂಬು ಕಚ್ಚಿಕೊಂಡು ಮಲಗಿದ್ದ. ಇನ್‌ಸ್ಪೆಕ್ಟರು ಚೊಕ್ಕಟತನವನ್ನು ಹೊಗಳಿ ಬರೆದು, ಕುರಿಮಾಂಸದ ಊಟ ಮಾಡಿ ಹೊರಟುಹೋದ.

ಫೆಬ್ರವರಿಯಲ್ಲಿ ಹೆಸ್ಟರ್ ಪರೀಕ್ಷೆ ಪಾಸಾದಳು, ಅದೂ ಒಳ್ಳೆಯ ಅಂಕದಲ್ಲಿ. ನಾನು ಖುಷಿಯಲ್ಲಿ ಆರು ಹೊಸ ಏಪ್ರನ್ನಿಗೆ ಕೆಂಪು ದಾರದಲ್ಲಿ "ಸಿಸ್ಟರ್ ಟ್ರೆಂಬತ್" ಎಂದು ಹೊಲಿದು, ಇಸ್ತ್ರಿ ಮಾಡಿ ಅವಳ ಹಾಸಿಗೆಯ ಮೇಲಿಟ್ಟೆ. ಮಾರ್ಚಿನಲ್ಲಿ ಸಂಘದ ಕಾಗದ ಬಂತು. ಕೊನೆಯ ವರ್ಷದ ಸರಾಸರಿ ಹತ್ತಕ್ಕೆ ಒಂದಿಷ್ಟು ಕಡಿಮೆ, ಒಂಬತ್ತು ಚಿಲ್ಲರೆ. ಪಟ್ಟಿಯಲ್ಲಿ ಹೆಸರು ಸೇರಿಸಲು ಬರುವುದಿಲ್ಲ.

ಅವಳು ಕಾಗದವನ್ನು ನನಗೆ ಓದಿ ಹೇಳಿ, ಲೆಕ್ಕ ಹಾಕುತ್ತ ಕೂತಳು. ಆಮೇಲೆ ತಲೆಯೆತ್ತಿದಳು. "ಬ್ರಿಡೀ, ಕೊಟ್ಟಿಗೇಲಿದ್ದ ಮೂರು ಜನಾನ ಸೇರಿಸಿದ್ರೆ ಹತ್ತು ದಾಟುತ್ತೆ ಕಣೇ. ಅವರೂ ರೋಗಿಗಳೇ ತಾನೆ? ನೋಡ್ಕೊಂಡಿದೀನಿ ತಾನೆ?"

ಕಂದು ಕಾಗದಗಳನ್ನು ಜೋಡಿಸಿಕೊಂಡು ಪಾಮ್‌ಫ್ರೆಟ್ಟನ ಹತ್ತಿರ ಹೋದಳು. ನಾನೂ ಹೋದೆ. ಅವನ ಒಂದು ರುಜು ಇದ್ದರೆ ಸಾಕಿತ್ತು. ಅವನು ಕಾಗದಗಳನ್ನು ತಿರುವಿ ಮುರುವಿ ನೋಡಿದ.

"ನೋಡಮ್ಮ, ಆಸ್ಪತ್ರೆ ಖಾಲಿ ಅಂತ ಸಮಿತಿಯ ನಿರ್ಣಯ ಇದೆ. ಇನ್‌ಸ್ಪೆಕ್ಟರು ಕಣ್ಣಾರೆ ನೋಡಿ ಹೋಗಿದಾರೆ. ಈಗ ರೋಗಿಗಳನ್ನ ಸೌದೆ ಮಧ್ಯೆ ಮಲಗಿಸಿದ್ವಿ ಅಂತ ನಾನು ಬರೆದುಕೊಟ್ರೆ, ನಮ್ಮ ಮುಖ ಏನಾಗಬೇಕು?"

"ಮಲಗಿಸಿದ್ದು ನಿಜ ಅಲ್ವಾ ಸಾರ್?"

"ನಿಂಗೇನು, ಇನ್ನೊಂದು ವರ್ಷ ಮಾಡಿದ್ರಾಯ್ತು. ವಯಸ್ಸಿದೆ." ಆಮೇಲೆ ನನ್ನ ಕಡೆ ತಿರುಗಿ, ಬಹಳ ಮೃದುವಾಗಿ ಕೇಳಿದ: "ಕಾನ್ ಹೇಗಿದಾನೆ ಮಿಸೆಸ್ ಕ್ವಿಲ್ಟಿ? ಅರವತ್ತಾಯ್ತಲ್ವಾ? ಈ ವಯಸ್ಸಲ್ಲಿ ಬೇರೆ ಕಡೆ ಕೆಲಸ ಸಿಗೋದು ಕಷ್ಟ."

ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ, ಊರಿಗೆಲ್ಲ ಗೊತ್ತು. ಅವತ್ತು ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೂ ಅನ್ನಲಿಲ್ಲ. ಹೆಸ್ಟರ್ ತಾನೇ ಸಂಘಕ್ಕೆ ಬರೆದಳು. ಕಾರ್ಯದರ್ಶಿ ರುಜು ಮಾಡಿ ಕಳಿಸಿದ ವರದಿಯೇ ಪ್ರಮಾಣ, ಅಥವಾ ಕಣ್ಣಾರೆ ಕಂಡವರು ನ್ಯಾಯಾಧಿಕಾರಿಯ ಮುಂದೆ ಪ್ರಮಾಣ ಮಾಡಿ ಬರೆದುಕೊಡಬೇಕು ಎಂದು ಉತ್ತರ ಬಂತು. ಮುದುಕ ಸಿಲ್ವೆಸ್ಟರ್ ಅಷ್ಟರಲ್ಲಿ ಸತ್ತಿದ್ದ. ಉಳಿದಿಬ್ಬರು ಯಾವ ದಿಕ್ಕಿಗೆ ಹೋದರೋ ಯಾರಿಗೂ ತಿಳಿಯದು. ಮೇಟ್ರನ್ ಇಂಗ್ರಮ್ ತಾನು ಕೊಟ್ಟಿಗೆಯೊಳಗೆ ಕಾಲಿಟ್ಟೇ ಇರಲಿಲ್ಲ ಎಂದು ಕೈ ತೊಳೆದುಕೊಂಡಳು. ಉಳಿದವರು ನಾನು ಮತ್ತು ಕಾನ್.

ಹೆಸ್ಟರ್ ಆ ಉತ್ತರವನ್ನು ನನ್ನ ಮುಂದೆ ಹಿಡಿದು ಓದಿದಳು. ಓದಿ, ಕಾಗದವನ್ನು ನಿಧಾನಕ್ಕೆ ಮಡಚಿದಳು. ನಾನು ಹಂಡೆಯೊಳಗಿನ ಬಟ್ಟೆ ತಿರುವುತ್ತಿದ್ದೆ, ತಿರುವುತ್ತಲೇ ಇದ್ದೆ.

"ಆಯ್ತು ಬಿಡು," ಎಂದಳು ಕೊನೆಗೆ. ಬೇಡಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆ ವಾರ ಕೂತು ಆರು ಏಪ್ರನ್ನುಗಳ ಕೆಂಪು ದಾರ ಬಿಚ್ಚಿದೆ. ದಾರ ಕಿತ್ತು ಬಂದರೂ ತೂತುಗಳು ಉಳಿದವು, ಬೆಳಕಿಗೆ ಹಿಡಿದರೆ ಓದಲು ಬರುತ್ತಿತ್ತು. ಅವನ್ನೇ ಅವಳು ಹರಿಯುವ ತನಕ ಉಟ್ಟಳು.

ಇನ್ನೊಂದು ವರ್ಷ ಮಾಡಿದರಾಯಿತು ಎಂದನಲ್ಲ ಪಾಮ್‌ಫ್ರೆಟ್, ಆ ವರ್ಷವೇ ಊರಿಗೆ ರೈಲು ಬಂತು. ನಡೆಯಬಲ್ಲ ರೋಗಿಗಳೆಲ್ಲ ರೈಲು ಹತ್ತಿ ಜಂಕ್ಷನ್ನಿನ ದೊಡ್ಡಾಸ್ಪತ್ರೆಗೆ ಹೋದರು. ನಮ್ಮ ಸರಾಸರಿ ಏಳಕ್ಕೆ ಇಳಿಯಿತು, ತರಬೇತಿ ಕೊಡುವ ಹಕ್ಕೇ ಹೋಯಿತು. ದೊಡ್ಡಾಸ್ಪತ್ರೆಗಳು ಮೂವತ್ತು ದಾಟಿದವಳನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ ಎಂದವು. ಯುದ್ಧ ಶುರುವಾದಾಗ ಸೈನ್ಯಕ್ಕೆ ಬರೆದಳು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಎಂದು ಅಲ್ಲಿಂದಲೂ ಬಂತು.

ಆಮೇಲೆ ಅವಳು ಎಲ್ಲಿಗೂ ಬರೆಯಲಿಲ್ಲ. ಸಿಡ್ನಿಯಿಂದ ಮೇಟ್ರನ್ನುಗಳು ಬಂದರು, ಹೋದರು. ಕೊನೆಗೆ ಬಂದವಳಿಗೆ ಇಪ್ಪತ್ತಾರು ವಯಸ್ಸು. ಹಾವು ಕಚ್ಚಿದವನನ್ನು ತಂದಾಗ ಕಂಗಾಲಾಗಿ "ನರ್ಸ್! ನರ್ಸ್!" ಎಂದು ಓಡಿಬಂದು, ಅವನು ಬದುಕಿಕೊಂಡ ಮೇಲೆ, "ನರ್ಸ್, ನನ್ನ ಟೀ ತಣ್ಣಗಾಗಿದೆ," ಎಂದಳು. ಹೆಸ್ಟರ್ ಬಿಸಿ ಟೀ ತಂದುಕೊಟ್ಟಳು. ಸಂಜೆ ಬಕೆಟ್ಟಿನಲ್ಲಿ ಕಾಲಿಟ್ಟುಕೊಳ್ಳಲು ಬರುತ್ತಿದ್ದಳು, ಆದರೆ ಯಾರನ್ನೂ ಬೈಯುತ್ತಿರಲಿಲ್ಲ. ನಾನೇ ಬೈಯಲು ಶುರು ಮಾಡಿದರೂ "ಹೋಗ್ಲಿ ಬಿಡೇ" ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಹದಿನೇಳನೇ ಇಸವಿಯಲ್ಲಿ ಕಾನ್ ತೀರಿಕೊಂಡ. ಇನ್ನು ಅವನ ಕೆಲಸ ಹೋಗುತ್ತದೆಂದು ಹೆದರಬೇಕಾಗಿರಲಿಲ್ಲ. ಆಗಲಾದರೂ ಹೋಗಿ ಪ್ರಮಾಣ ಮಾಡಬಹುದಾಗಿತ್ತು. ಇಷ್ಟು ವರ್ಷ ಎಲ್ಲಿದ್ದೆ ಎಂದು ಅವಳು ಕೇಳಿದರೆ ಏನು ಹೇಳುವುದು ಎಂದು ದಿನ ತಳ್ಳಿದೆ.

ಹತ್ತೊಂಬತ್ತರಲ್ಲಿ ಲೋಕವನ್ನೆಲ್ಲ ಹೊಡೆದ ಆ ಹಾಳು ಫ್ಲೂ ಜ್ವರ ಬಂತು, ಯುದ್ಧದಿಂದ ಹಿಂತಿರುಗಿದ ಹುಡುಗರ ಜೊತೆ ರೈಲಿನಲ್ಲೇ ಬಂತು. ಹದಿನಾಲ್ಕು ಹಾಸಿಗೆ ತುಂಬಿ, ಶಾಲೆಯನ್ನೂ ವಾರ್ಡು ಮಾಡಿದರು. ಮೇಟ್ರನ್ ಎರಡನೇ ದಿನವೇ ಮಲಗಿದಳು. ಹದಿನೆಂಟು ದಿನ ಎರಡೂ ಕಡೆ ಹೆಸ್ಟರ್ ಒಬ್ಬಳೇ. ಹತ್ತೊಂಬತ್ತನೆಯ ದಿನ ಅವಳೂ ಬಿದ್ದಳು. ಹಾಸಿಗೆ ಖಾಲಿ ಇರಲಿಲ್ಲವಾದ್ದರಿಂದ ನನ್ನ ಬಟ್ಟೆ ಒಗೆಯುವ ಮನೆಯಲ್ಲೇ ಚಾಪೆ ಹಾಕಿ ಮಲಗಿಸಿದೆ.

ಮೂರನೆಯ ದಿನ ಮಧ್ಯಾಹ್ನ ಅವಳ ತುಟಿ ನೀಲಿಗಟ್ಟಿತ್ತು. ಹೇಳಿಬಿಡೋಣ, ಕ್ಷಮಿಸು ಅನ್ನೋಣ ಎಂದು ಹತ್ತಿರ ಕೂತೆ. ಅವಳೇ ಬಾಯಿ ತೆರೆದಳು.

"ಇವತ್ತು ಎಷ್ಟು ಜನ ಬ್ರಿಡೀ?"

"ಇಲ್ಲಿ ಹದಿನಾಲ್ಕು. ಶಾಲೇಲಿ ಹತ್ತೊಂಬತ್ತು."

"ಮೂವತ್ಮೂರು." ಅವಳು ನಕ್ಕಳು, ನಗು ಕೆಮ್ಮಾಯಿತು. "ಆಗ ಎಲ್ಲಿ ಸತ್ತಿದ್ರೇ ಇವರೆಲ್ಲ?"

ಐದು ವರ್ಷದ ಮೇಲೆ ಅವಳ ಬಾಯಿಂದ ಬಂದ ಮೊದಲ ಬೈಗುಳ. ನನಗೆ ನಗುವೂ ಅಳುವೂ ಒಟ್ಟಿಗೆ ಬಂದು, ಹೇಳಬೇಕಾದದ್ದನ್ನು ಹೇಳದೆ ಅವಳ ಬಾಯಿ ಒರೆಸಿದೆ. ಸಂಜೆಯೊಳಗೆ ಅವಳು ಹೋಗಿಬಿಟ್ಟಳು. ವಯಸ್ಸು ಮೂವತ್ತೈದು.

ಮರುವರ್ಷ ಸಮಿತಿಯವರು ಗೋರಿಗೆ ಕಲ್ಲು ನಿಲ್ಲಿಸಿದರು. ಊರಿಗೆ ಊರೇ ಸೇರಿತ್ತು. ಪಾಮ್‌ಫ್ರೆಟ್ ಬಟ್ಟೆ ಸರಿಸಿದ. "ಸಿಸ್ಟರ್ ಹೆಸ್ಟರ್ ಟ್ರೆಂಬತ್" ಎಂದು ಕೆತ್ತಿತ್ತು, ಒಳ್ಳೆ ದೊಡ್ಡ ಅಕ್ಷರದಲ್ಲಿ. ಹೆಂಗಸರು ಕಣ್ಣೊರೆಸಿಕೊಂಡರು.

ನನಗೆ ತಡೆಯಲಾಗಲಿಲ್ಲ. ಎಲ್ಲರ ಮುಂದೆ ಕೂಗಿದೆ: "ಸೌದೆ ಕೊಟ್ಟಿಗೇಲಿ ಮೂರು ಜನ ಇದ್ರು! ಇಪ್ಪತ್ತೊಂದು ದಿನ ಇದ್ರು! ನಾನು ಕಣ್ಣಾರೆ ನೋಡಿದೀನಿ!"

ಜನ ತಿರುಗಿ ನೋಡಿದರು. ಪಾಮ್‌ಫ್ರೆಟ್ ಟೋಪಿ ಕೈಯಲ್ಲಿ ಹಿಡಿದು ನನ್ನ ಹತ್ತಿರ ಬಂದ. ಮುಖದಲ್ಲಿ ಸಿಟ್ಟಿರಲಿಲ್ಲ.

"ಇದನ್ನ ಅವತ್ತೇ ಹೇಳ್ಬೇಕಿತ್ತು, ಮಿಸೆಸ್ ಕ್ವಿಲ್ಟಿ," ಎಂದ.

ಬಟ್ಟೆ ಒಗೆಯುವ ಮನೆಗೆ ಬಂದು ಹಂಡೆಗೆ ಬೆಂಕಿ ಹಾಕಿದೆ, ಸೋಮವಾರದ ಬಟ್ಟೆ ಕಾಯುತ್ತಿತ್ತು.