ಸಣ್ಣ ಟಿವಿಯ ಮುಂದೆ ನಿಂತ ಹೀರಾ

ಬೈತಖೋಲದ ಬಂದರಿನಲ್ಲಿ ಮೀನಿನ ಲಿಲಾವು, ಅಂದರೆ ಹರಾಜು, ಕೂಗುವ ದೇವಿದಾಸ ನಮ್ಮ ನೆರೆಯವನು. ಎರಡು ಮನೆಗಳ ನಡುವೆ ಮೊಣಕಾಲೆತ್ತರದ ಕಲ್ಲಿನ ಪಾಗಾರವಿದೆ; ನಮ್ಮ ಪಾತ್ರೆ ಪಗಡ, ಮಾತುಕತೆ, ಜಗಳ ಎಲ್ಲವೂ ಅದನ್ನು ದಾಟಿ ಹೋಗಿ ಬರುತ್ತವೆ. ನಾನು ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು, ಕೇರಿಗೆಲ್ಲ ‘ಅಕ್ಕೋರು’. ಇಡೀ ಜನ್ಮ ಮಕ್ಕಳ ಮೇಲೆ ಕೂಗಿದವಳಾದರೂ ದೇವಿದಾಸನ ಗಂಟಲಿನ ಮುಂದೆ ನನ್ನದು ಏನೂ ಅಲ್ಲ. ಅವನು ಹಿತ್ತಲಲ್ಲಿ ಹಲ್ಲುಜ್ಜುತ್ತಾ ಹೆಂಡತಿಯನ್ನು ಚಹಾ ಕೇಳಿದರೆ ನಾನೂ ಒಲೆ ಹಚ್ಚಬೇಕು ಅನ್ನಿಸುತ್ತದೆ.

ಮನುಷ್ಯ ಕೆಟ್ಟವನಲ್ಲ, ಆದರೆ ಜಂಬ ಬಹಳ. ಟ್ರಾಲರಿನಿಂದ ಇಳಿಸಿದ ಮೀನಿನ ರಾಶಿಯನ್ನು ಕಣ್ಣಲ್ಲೇ ತೂಗುತ್ತೇನೆ ಎಂಬ ಜಂಬ ಒಂದು. ಅದಕ್ಕಿಂತ ದೊಡ್ಡದು, ಕೊಳ್ಳಲು ಬಂದವರ ಮನಸ್ಸು ತನಗೆ ತಿಳಿಯುತ್ತದೆ ಎಂಬುದು. ಲಿಲಾವಿನಲ್ಲಿ ಯಾರೂ ತಮಗೆ ಬೇಕಾದ ರಾಶಿಯನ್ನು ನೋಡುವುದಿಲ್ಲ. ನೋಡಿದರೆ ಬೆಲೆ ಏರುತ್ತದೆ. ಇದನ್ನು ಅವನು ನನಗೆ ಎಷ್ಟು ಸಲ ಹೇಳಿದ್ದಾನೋ.

“ದೊಡ್ಡ ರೇಟಿನ ಇಸ್ವಾಣ ಬೇಕಾದವ ಸಸ್ತಾ ಬಂಗಡೆ ಮುಂದೆ ಹೋಗಿ ನಿಲ್ತ ಅಕ್ಕೋರೇ. ಇಸ್ವಾಣದ ಬದಿಗೆ ತಲೆ ಸೈತ ತಿರ್ಸೂದಿಲ್ಲ. ನಂಗೆ ಅಲ್ಲೇ ತಿಳೀತದೆ, ಇವಂಗೆ ಇಸ್ವಾಣವೇ ಬೇಕು ಅಂತ.”

ಅವನ ಹೆಂಡತಿ ಹೀರಾ ಅವರ್ಸಾದ ಕಡೆಯವಳು. ಗಂಡ ಊರಿಗೆಲ್ಲ ಕೇಳುವಂತೆ ಮಾತಾಡುವುದರಿಂದಲೋ ಏನೋ, ಅವಳಿಗೆ ಮಾತು ಕಡಿಮೆ. ಮಗಳು ರಕ್ಷಿತಾಳನ್ನು ಅಂಕೋಲೆಗೆ ಕೊಟ್ಟ ಮೇಲೆ ಮನೆಯಲ್ಲಿ ಇವರಿಬ್ಬರೇ. ಹಗಲೆಲ್ಲ ದುಡಿದು ಸಂಜೆ ಟಿವಿಯಲ್ಲಿ ಎರಡು ಧಾರಾವಾಹಿ ನೋಡುವುದು ಹೀರಾಳ ಏಕೈಕ ಚಟ. ಆ ಹೊತ್ತಿನಲ್ಲಿ ಅವಳನ್ನು ಯಾರೂ ಕರೆಯುವಂತಿಲ್ಲ. ದೇವಿದಾಸನೂ ಕರೆಯುವುದಿಲ್ಲ.

ಒಂದೆರಡು ವರ್ಷಗಳಿಂದ ಅವಳು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದ್ದಳು. ಬಡಿಸುವಾಗ ಸಾರು ತಾಟಿನ ಹೊರಗೆ ಬೀಳುತ್ತಿತ್ತು. ಪಕ್ಕದಲ್ಲಿಟ್ಟ ಲೋಟ ಅವಳ ಕೈ ತಾಗಿ ಉರುಳುತ್ತಿತ್ತು. ದೇವಿದಾಸನಿಗೆ ಅದು ತಮಾಷೆ. ಬಾಗಿಲು ಬಡಿದ ಸದ್ದಾದರೆ ಜಗಲಿಯಿಂದಲೇ ಕೂಗುವನು, “ಬಂತು ನೋಡಿ ನಮ್ಮ ಘಟ್ಟದ ಲಾರಿ! ಎರಡೂ ಬದಿ ಗೀಚ್ಕಂಡೇ ಬರೂದು!” ಹೀರಾ ನಗುತ್ತಿದ್ದಳು. ಪಾಗಾರದ ಈಚೆ ನಾನೂ ನಗುತ್ತಿದ್ದೆ, ಸುಳ್ಳು ಹೇಳಲಾರೆ.

ಈ ಮೇ ತಿಂಗಳಲ್ಲಿ ಅವಳು ಟಿವಿಯ ಬದಿಗಳೆಲ್ಲ ಮಬ್ಬಾಗುತ್ತಿವೆ ಎಂದಳು. ರಿಪೇರಿಯವನು ಬಂದು ನೋಡಿ, ಟಿವಿಗೆ ಏನೂ ಆಗಿಲ್ಲ ಎಂದ. ದೇವಿದಾಸ ಅವನಿಗೆ ಕೆಲಸ ಬರುವುದಿಲ್ಲವೆಂದು ಬೈದು ಕಳಿಸಿದ. ಜೂನ್ ಬಂದರೆ ಮೀನುಗಾರಿಕೆಗೆ ರಜೆ, ಟ್ರಾಲರುಗಳು ದಕ್ಕೆಯಲ್ಲಿ ಕಟ್ಟಿಬಿದ್ದಿರುತ್ತವೆ, ಲಿಲಾವೂ ಇಲ್ಲ. ಮಳೆಗಾಲವಿಡೀ ಮನೆಯಲ್ಲೇ ಕೂರುವುದಾದರೆ ಹೊಸ ಟಿವಿಯನ್ನೇ ತರೋಣ, ಅದೂ ಗೋಡೆ ತುಂಬುವಂಥದ್ದು ಎಂದು ಅವನೇ ತೀರ್ಮಾನಿಸಿದ. ಹೆಂಡತಿಗಾಗಿಯೇ ತರುತ್ತಿದ್ದ, ಅದರಲ್ಲಿ ಸಂಶಯವಿಲ್ಲ. ಚೌಕಾಶಿಗೆ ಸಾಕ್ಷಿ ಬೇಕೆಂದು ನನ್ನನ್ನೂ ರಿಕ್ಷಾ ಹತ್ತಿಸಿಕೊಂಡ.

ಕಾರವಾರದ ಆ ಅಂಗಡಿಯಲ್ಲಿ ಒಂದು ಗೋಡೆಯ ತುಂಬ ಟಿವಿಗಳೇ. ಎಲ್ಲದರಲ್ಲೂ ಒಂದೇ ಗಿಳಿ ಒಂದೇ ಹಣ್ಣನ್ನು ತಿನ್ನುತ್ತಿತ್ತು. ಅಂಗಡಿಯ ಹುಡುಗಿ ಸಪ್ನಾ ಫೋರ್ ಕೆ, ಓಎಲ್‌ಇಡಿ, ಬ್ಲೂಟೂತ್ ಎಂದು ಒಂದೇ ಉಸಿರಿಗೆ ಶುರುಮಾಡಿದಳು. ದೇವಿದಾಸ ಮೀನಿನ ಕಿವಿರೆತ್ತಿ ನೋಡುವ ಹಾಗೆ ಒಂದೊಂದು ಟಿವಿಯ ಅಂಚು ಹಿಡಿದು, ಹಿಂದೆ ಬಗ್ಗಿ ನೋಡಿ, “ತಾಜಾ ಮಾಲಾ, ಹಳೇದಾ?” ಎಂದು ಕೇಳಿದ. ಪಾಪ, ಆ ಹುಡುಗಿ ಏನು ಹೇಳಬೇಕು?

ಹೀರಾ ಅಷ್ಟರಲ್ಲಿ ಸಾಲಿನ ಕೊನೆಗೆ, ಮಿಕ್ಸರುಗಳ ಪಕ್ಕದಲ್ಲಿದ್ದ ಸಣ್ಣ ಟಿವಿಯೊಂದರ ಮುಂದೆ ಹೋಗಿ ನಿಂತಿದ್ದಳು. ನಿಂತವಳು ನಿಂತೇ ಇದ್ದಳು. ಮುಖದಲ್ಲಿ ಸಣ್ಣ ನಗು. ನಡುವಿನ ಐವತ್ತೈದು ಇಂಚಿನ ದೊಡ್ಡ ಟಿವಿಯ ಕಡೆ ಒಮ್ಮೆಯೂ ಕಣ್ಣೆತ್ತಲಿಲ್ಲ.

“ಇದ್ರಲ್ಲಿ ಚೆಂದ ಕಾಣ್ತದೆ. ಇದೇ ಸಾಕು,” ಎಂದಳು.

ದೇವಿದಾಸ ನನ್ನತ್ತ ಕಣ್ಣು ಮಿಟುಕಿಸಿದ. ನನ್ನ ಕಿವಿಯ ಹತ್ತಿರ ಬಗ್ಗಿ, ಅವನ ಮಟ್ಟಿಗೆ ಪಿಸುಮಾತು ಅನ್ನಬಹುದಾದ ದನಿಯಲ್ಲಿ ಹೇಳಿದ: “ನೋಡಿದ್ರ್ಯಾ ಅಕ್ಕೋರೇ? ಬಂಗಡೆ ಮುಂದೆ ನಿಂತದೆ! ದೊಡ್ಡದ್ರ ಬದಿಗೆ ತಲೆ ಸೈತ ತಿರ್ಸೂದಿಲ್ಲ. ಅವ್ಳಿಗೆ ದೊಡ್ಡದೇ ಬೇಕು. ನಂಗೆ ತಿಳೀದಿಲ್ವಾ?”

“ಅಲ್ಲ, ನಂಗೆ ಇದೇ—” ಎಂದು ಹೀರಾ ಮತ್ತೊಮ್ಮೆ ಶುರುಮಾಡಿದಳು. ಅಷ್ಟರಲ್ಲಿ ಅವನು ಚೌಕಾಶಿಗೆ ಇಳಿದಾಗಿತ್ತು. ಅವನು ಚೌಕಾಶಿಗೆ ಇಳಿದರೆ ಪಕ್ಕದಲ್ಲಿ ಸಿಡಿಲು ಬಿದ್ದರೂ ಕೇಳಿಸುವುದಿಲ್ಲ. ದೊಡ್ಡ ಟಿವಿಯೇ ಮನೆಗೆ ಬಂತು.

ಅದನ್ನು ಗೋಡೆಗೆ ಹಾಕಿದ ದಿನ ಕೇರಿಯೇ ನೆರೆದಿತ್ತು. ದೇವಿದಾಸ ಹೀರಾಳ ಕುರ್ಚಿಯನ್ನು ಎಲ್ಲರಿಗಿಂತ ಮುಂದೆ ಹಾಕಿ ಕೂರಿಸಿದ. ಅವಳು ತಲೆಯನ್ನು ಆಚೆ ಈಚೆ, ಮೇಲೆ ಕೆಳಗೆ ಆಡಿಸುತ್ತಾ ನೋಡಿದಳು, ಕಳೆದುಹೋದ ಸೂಜಿಯನ್ನು ಹುಡುಕುವವಳ ಹಾಗೆ. ಸ್ವಲ್ಪ ಹೊತ್ತಿಗೆ ಒಲೆಯ ಮೇಲೆ ಏನೋ ಇದೆ ಎಂದು ಎದ್ದುಹೋದಳು. ಅಂದಿನಿಂದ ಅವಳ ಜಾಗ ಅಡುಗೆಮನೆಯ ಬಾಗಿಲು. ಆ ಮನೆ ಉದ್ದಕ್ಕೆ ಕಟ್ಟಿದ್ದು. ಹೊರಕೋಣೆ, ನಡುಮನೆ, ಅಡುಗೆಮನೆ, ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿ. ಅಷ್ಟು ದೂರದಲ್ಲಿ ಮಣೆ ಹಾಕಿಕೊಂಡು ಕೂತು ಅವಳು ಧಾರಾವಾಹಿ ನೋಡುತ್ತಿದ್ದಳು. ಮುಂದಿನ ಕುರ್ಚಿ ಖಾಲಿ.

ದೇವಿದಾಸನಿಗೆ ಸಿಟ್ಟು ಬಂತು. ಪಾಗಾರದ ಹತ್ತಿರ ಬಂದು ನನ್ನಲ್ಲಿ ದೂರಿದ: “ಎಷ್ಟು ಪ್ರೀತಿಲಿ ತಂದದ್ದು ಅಕ್ಕೋರೇ! ಇವ್ಳು ನೋಡಿದ್ರೆ ಮೂಲೆ ಹಿಡ್ದು ಕೂತದೆ. ಎಂತಾ ಮಾಡಿದ್ರೂ ಹೆಂಗ್ಸರಿಗೆ ಸಮಾಧಾನ ಅಂತ ಇಲ್ಲ ಮಾರಾಯ್ರೆ.” ಎರಡು ದಿನ ಹೆಂಡತಿಯ ಜತೆ ಮಾತೂ ಬಿಟ್ಟನಂತೆ.

ಸತ್ಯ ಬಯಲಾದದ್ದು ಒಂದು ಮಾವಿನಹಣ್ಣಿನಿಂದ. ಅಂಕೋಲೆಯಿಂದ ರಕ್ಷಿತಾ ಬಂದಳು, ಹಂಗಾಮಿನ ಕೊನೆಯ ಕರಿ ಈಶಾಡು ಹಣ್ಣುಗಳನ್ನು ಹೊತ್ತುಕೊಂಡು. ನಾನೂ ಅಲ್ಲೇ ಇದ್ದೆ. ಅವಳು ಹೋಳು ಮಾಡಿದ ಹಣ್ಣಿನ ತಾಟನ್ನು ಅಮ್ಮನ ಪಕ್ಕದಿಂದ ಚಾಚಿ, “ಆಯಿ, ತಗೊ” ಎಂದಳು. ಹೀರಾ ಎದುರಿಗೆ ಕೈ ಚಾಚಿ ಗಾಳಿಯಲ್ಲಿ ತಡವಿದಳು. ರಕ್ಷಿತಾ ತಾಟನ್ನು ಮೆಲ್ಲಗೆ ಮುಂದೆ ತಂದಳು, ಮತ್ತೆ ಬದಿಗೆ ಒಯ್ದಳು. ತಾಟು ಮೂಗಿನ ನೇರಕ್ಕೆ ಬಂದಾಗ ಮಾತ್ರ ಹೀರಾ, “ಓ, ಇಲ್ಲುಂಟಾ” ಎಂದಳು. ರಕ್ಷಿತಾಳ ಮುಖ ಬಿಳಿಚಿಕೊಂಡಿತು. ದೇವಿದಾಸ ಮಾತ್ರ, “ಘಟ್ಟದ ಲಾರಿಗೆ ಹೆಡ್‌ಲೈಟೂ ಹೋಯ್ತು!” ಎಂದು ನಕ್ಕ. ಯಾರೂ ಜತೆಗೆ ನಗಲಿಲ್ಲ.

ಮರುದಿನವೇ ಮಗಳು ಇಬ್ಬರನ್ನೂ ಅಂಕೋಲೆಯ ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ದಳು. ಅಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದ್ದು. ಡಾಕ್ಟರು ಹೀರಾಳ ಎದುರು ಕೂತು, ತಮ್ಮ ಮೂಗನ್ನೇ ನೋಡಬೇಕೆಂದು ಹೇಳಿ, ಬದಿಯಲ್ಲಿ ಬೆರಳೆತ್ತಿ, ಎಷ್ಟು ಎಂದು ಕೇಳಿದರು. ಹೀರಾ ಸುಮ್ಮನಿದ್ದಳು. ಮೂಲೆಯ ಸ್ಟೂಲಿನಿಂದ ದೇವಿದಾಸ, ಬಂದರಿನಲ್ಲಿ ಕೂಗುವ ಹಾಗೆಯೇ, “ಎರಡು!” ಎಂದು ಕೂಗಿದ.

“ನೀವಲ್ಲ, ಅವರು ಹೇಳ್ಬೇಕು,” ಎಂದರು ಡಾಕ್ಟರು.

ಇನ್ನೊಂದು ಬದಿ ಕೇಳಿದರು. ಅವಳು ಆಗಲೂ ಸುಮ್ಮನಿದ್ದಳು. ಈ ಸಲ ದೇವಿದಾಸನೂ ಸುಮ್ಮನಾಗಿದ್ದ.

ಗ್ಲಾಕೋಮಾ ಅಂತೆ. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತಾ ಬರುತ್ತದೆ, ದೃಷ್ಟಿ ಅಂಚಿನಿಂದ ಮುಚ್ಚುತ್ತಾ ಬರುತ್ತದೆ. ಈಗ ಅವಳಿಗೆ ಉಳಿದಿರುವುದು ನಡುವಿನ ಒಂದು ಸಣ್ಣ ಕಿಂಡಿ ಮಾತ್ರ. ಔಷಧಿಯಿಂದ ಅದನ್ನು ಉಳಿಸಿಕೊಳ್ಳಬಹುದು, ಹೋದದ್ದು ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಬಾಗಿಲು, ಗೋಡೆಗೆ ತಾಗುತ್ತಿರಲಿಲ್ಲವೇ, ಮನೆಯಲ್ಲಿ ಯಾರೂ ಗಮನಿಸಲಿಲ್ಲವೇ ಎಂದೂ ಕೇಳಿದರಂತೆ. ಗಮನಿಸಿದ್ದವನು, ಗಮನಿಸಿ ಹೆಸರಿಟ್ಟು ನಕ್ಕಿದ್ದವನು, ಅಲ್ಲೇ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ.

ತಿರುಗಿ ಬರುವಾಗ ಬಸ್ಸಿನಲ್ಲಿ ಹೀರಾಳೇ ಮಾತು ತೆಗೆದಳಂತೆ. ಇದನ್ನು ದೇವಿದಾಸ ನನಗೆ ಪಾಗಾರದ ಮೇಲೆ ಕೂತು ಹೇಳಿದ. ಅಷ್ಟು ಸಣ್ಣ ದನಿ ಅವನಲ್ಲಿದೆ ಎಂದು ನನಗೆ ಅಂದೇ ಗೊತ್ತಾದದ್ದು.

“ಅಂಗ್ಡೀಲಿ ಆ ಸಣ್ಣದ್ರಲ್ಲಿ ಗಿಳಿ ಪೂರಾ ಕಾಣ್ತಿತ್ತು ಅಂದ್ಲು ಅಕ್ಕೋರೇ. ಕೊಕ್ಕು, ರೆಕ್ಕೆ, ಬಾಲ ಎಲ್ಲ. ದೊಡ್ಡದ್ರಲ್ಲಿ ಬರೀ ಹಸ್ರು ಬಣ್ಣ, ಬೇರೆ ಎಂತದೂ ಇಲ್ಲ. ಯಾಕೆ ಹೇಳ್ಲಿಲ್ಲ ಅಂತ ಕೇಳ್ದೆ. ಹೇಳ್ದೆ ಅಲ್ದಾ, ನೀವು ಚೌಕಾಶಿ ಮಾಡ್ತಿದ್ರಿ ಅಂದ್ಲು.” ಮತ್ತೆ ಹೇಳಿದ: “ಸಿಟ್ಟು ಮಾಡಿದ್ರೆ ಅಡ್ಡಿಲ್ಲಾಗಿತ್ತು. ಸಿಟ್ಟೂ ಮಾಡ್ಲಿಲ್ಲ.”

ನನಗೆ ಅವನ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು. ಕಂಡವರ ಮನಸ್ಸನ್ನೆಲ್ಲ ಓದುತ್ತೇನೆ ಎನ್ನುವವನಿಗೆ ಮನೆಯವಳು ಬಾಯಿಬಿಟ್ಟು ಹೇಳಿದ್ದು ತಲೆಗೆ ಹೋಗಲಿಲ್ಲವಲ್ಲ! ಚೆನ್ನಾಗಿ ಬೈಯಬೇಕೆಂದೇ ಅಂದು ಪಾಗಾರದ ಹತ್ತಿರ ಹೋದದ್ದು. ಅವನ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ. ಅಳುವ ಮಗುವನ್ನು ಬಡಿಯಲು ನನಗೆ ಶಾಲೆಯಲ್ಲೂ ಆಗುತ್ತಿರಲಿಲ್ಲ.

ಟಿವಿ ವಾಪಸ್ ಕೊಡಲು ಹೋದ. ಗೋಡೆಗೆ ಹಾಕಿ ನೋಡಿದ್ದನ್ನು ಅಂಗಡಿಯವರು ಏಕೆ ತೆಗೆದುಕೊಳ್ಳುತ್ತಾರೆ? ಹೀರಾಳೇ, ಇರಲಿ ಬಿಡಿ, ದೂರದಲ್ಲಿ ಕೂತರೆ ತನಗೆ ಸಣ್ಣದೇ ಆಗುತ್ತದೆ ಎಂದಳು. ಅವಳು ಸಮಾಧಾನಕ್ಕೆ ಹೇಳಿದ ಮಾತು ಅವನನ್ನು ಇನ್ನಷ್ಟು ಚುಚ್ಚಿತು. ಈಗ ಅವಳ ಕಣ್ಣಿಗೆ ಔಷಧಿ ಬಿಡುವುದು ಅವನೇ, ಬೆಳಿಗ್ಗೆ ಮತ್ತು ಸಂಜೆ. ಬಾಗಿಲುಗಳ ಬದಿಗೆ ಹಳೆ ಸೀರೆಯನ್ನು ಮಡಚಿ ಮೆತ್ತಗೆ ಕಟ್ಟಿದ್ದಾನೆ. ಅವಳ ಹತ್ತಿರ ಹೋಗುವಾಗ ಬದಿಯಿಂದ ಹೋಗದೆ, ಸುತ್ತು ಹಾಕಿ ಎದುರಿನಿಂದ ಹೋಗುತ್ತಾನೆ. ಆದರೂ ಆಗೀಗ ಅವಳು ಎಲ್ಲಿಗಾದರೂ ತಾಗಿದ ಸದ್ದಾದರೆ, ಏಟು ತನಗೇ ಬಿದ್ದ ಹಾಗೆ ಎದ್ದು ಓಡುತ್ತಾನೆ.

ಆಗಸ್ಟಿನಲ್ಲಿ ಟ್ರಾಲರುಗಳು ಮತ್ತೆ ಕಡಲಿಗಿಳಿದವು, ಲಿಲಾವೂ ಶುರುವಾಯಿತು. ಒಂದು ಬೆಳಿಗ್ಗೆ ನಾನು ಬಂಗಡೆಗೆಂದು ಹೋಗಿದ್ದೆ. ಮೀನು ಮಾರುವ ನಾಗು ಒಂದು ಸಣ್ಣ ರಾಶಿಯ ಮುಂದೆ ನಿಂತಿದ್ದಳು. ದೇವಿದಾಸ ಕೂಗುವುದನ್ನು ನಿಲ್ಲಿಸಿ, “ನಿಂಗೆ ಯಾವ್ದು ಬೇಕು? ಬಾಯಿಬಿಟ್ಟು ಹೇಳು. ಇದೇಯಾ? ನಿಜವಾ?” ಎಂದು ಕೇಳಿದ. ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಲಿಲಾವಿನಲ್ಲಿ ಹೀಗೆ ಯಾರಾದರೂ ಕೇಳುವುದುಂಟೇ? ಬೋಟಿನ ಯಜಮಾನ ಹಣೆ ಚಚ್ಚಿಕೊಂಡ. ನಾಗುವಿಗೆ ಆ ಸಣ್ಣ ರಾಶಿಯೇ ಬೇಕಾಗಿತ್ತಂತೆ.

ಮೊನ್ನೆ ಸಂಜೆ ಪತ್ರೊಡೆಯ ಡಬ್ಬಿ ಹಿಂದಿರುಗಿಸಲು ಅವರ ಮನೆಗೆ ಹೋದೆ. ಟಿವಿಯಲ್ಲಿ ಹೀರಾಳ ಧಾರಾವಾಹಿ ನಡೆಯುತ್ತಿತ್ತು. ಮುಂದಿನ ಕುರ್ಚಿಯಲ್ಲಿ ದೇವಿದಾಸ ಕೂತಿದ್ದ. ಎರಡು ಮುಷ್ಟಿಗಳನ್ನು ಕೊಳವೆಯಂತೆ ಸುತ್ತಿ ಕಣ್ಣಿಗೆ ಹಿಡಿದು, ಅವುಗಳ ಸಂದಿಯಿಂದ ಆ ದೊಡ್ಡ ಪರದೆಯನ್ನು ನೋಡುತ್ತಿದ್ದ. ತಲೆಯನ್ನು ಆಚೆ ಈಚೆ, ಮೇಲೆ ಕೆಳಗೆ ಆಡಿಸುತ್ತಿದ್ದ. ನಾನು ಬಾಗಿಲಲ್ಲಿ ನಿಂತಿದ್ದು ಅವನಿಗೆ ಕಾಣಲಿಲ್ಲ.

ಅಡುಗೆಮನೆಯ ಬಾಗಿಲಿನಿಂದ ಹೀರಾ ಕೂಗಿದಳು, “ಏ, ಸ್ವಲ್ಪ ಸರೀರಿ. ಟಿವಿ ಎಲ್ಲುಂಟು? ನಂಗೆ ನಿಮ್ಮ ತಲೆ ಒಂದೇ ಕಾಣ್ತದೆ.”

ಅವನು ಕೈ ಇಳಿಸಿ ಎದ್ದು, ಗೋಡೆಯ ಬದಿಗೆ ಸರಿದು ನಿಂತ.

“ಈಗ ಸರಿ ಆಯ್ತು,” ಎಂದಳು ಹೀರಾ. ಸ್ವಲ್ಪ ಹೊತ್ತಿನ ಮೇಲೆ, “ಎಲ್ಲಿಗೆ ಹೋದ್ರಿ?” ಎಂದು ಕೇಳಿದಳು.

ಅವನು ಟಿವಿಯ ಪಕ್ಕದಲ್ಲೇ, ಒಂದು ಗೇಣು ಆಚೆ ನಿಂತಿದ್ದ.